ಒಡ್ಡಿನ ಬೆವರು

ಕೂದಲೇ ಇರಬೇಕು ಅದು, ತಂಬಿಗೆಯ ನೀರಿನಲ್ಲಿ ಕಪ್ಪಗೆ ಒಂದು ಎಳೆ, ಬೆಳಿಗ್ಗೆ ಮಗಳು ನೇತ್ರಾಳಿಗೆ ತಲೆ ಎರೆದು ಲೋಬಾನದ ಹೊಗೆ ಹಿಡಿದದ್ದಾಗಿದೆ, ಬಾಣಂತಿಯ ಕೂದಲು ಉದುರುವುದೇನು ಹೊಸದೇ, ಸೀರೆಗೆ ಅಂಟಿಕೊಂಡು ಬಂದಿದ್ದೀತು — ರೇವವ್ವ ಬೆರಳು ಅದ್ದಿದಳು, ಎಳೆ ಕೈಗೆ ಸಿಗಲಿಲ್ಲ, ಕದಡಿ ಹೊಗೆಯಾಗಿ ಹರಡಿತು, ಕೂದಲು ಹೀಗೆ ಹರಡುವುದಿಲ್ಲ, ಮಣ್ಣು ಇದು, ನಿನ್ನೆ ಇರಲಿಲ್ಲ, ಇರಲಿಲ್ಲವೋ ತಾನೇ ನೋಡಲಿಲ್ಲವೋ, ಯಾರಾದರೂ ಚಿಲುಮೆಗೆ ಕಾಲು ಹಾಕಿ ಕದಡಿದರೋ. ಯಾಕ್ರಿ ಬೀಗತ್ಯಾರ, ತುಂಬಿದ ನೀರ ಯಾಕ ಚೆಲ್ಲಿದ್ರಿ, ಎಂದು ನೀಲಕ್ಕ ಕೇಳುತ್ತಾಳೆ, ನೇತ್ರಾಳ ಅತ್ತೆ, ಮೊಮ್ಮಗನ ಗಂಗಿಪೂಜಿಗೆಂದು ಗುಡಗೇರಿಯಿಂದ ಮೊದಲ ರೈಲಿಗೇ ಹೊರಟು ಬಂದವಳು, ಕಣ್ಣು ಮಾತ್ರ ಹದ್ದಿನದು. ಹುಳಾ ಬಿದ್ದಿತ್ತರಿ. ಸುಳ್ಳು ಎಷ್ಟು ಸಲೀಸಾಗಿ ಬಂತು ಬಾಯಿಗೆ. ನೇತ್ರಾ ಕಿವಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು, ಕೈತುಂಬ ಹಸಿರು ಬಳೆ ಇಟ್ಟುಕೊಂಡು, ಚಿಲುಮೆಯ ಬಾಯಿಗೆ ಐದು ಕಲ್ಲು ಸಾಲಾಗಿ ಇಡುತ್ತಿದ್ದಾಳೆ, ಒಂದೊಂದಕ್ಕೂ ಅರಿಷಿಣ, ಒಂದೊಂದಕ್ಕೂ ಕುಂಕುಮ, ಐದು ಕಲ್ಲೇ ಗಂಗವ್ವ, ಆಕೆಗೆ ಉಡಿ ತುಂಬಿ, ಕೊಡ ತುಂಬಿಕೊಂಡು ಹೋದರೆ ಬಾಣಂತಿ ಕೋಣೆ ಬಿಟ್ಟು ಹೊರಗೆ ಬಂದ ಹಾಗೆ. ಕೂಸು ಮನೆಯಲ್ಲಿದೆ, ಬಾಜು ಮನೆಯ ಮಂಜುಳಾ ತೊಟ್ಟಿಲು ತೂಗುತ್ತಿದ್ದಾಳೆ, ಮನೆ ಇಲ್ಲೇ ಹಳ್ಳದ ದಂಡೆಗೆ, ಕೂಗಿದರೆ ಕೇಳುವಷ್ಟು ಕೆಳಗೆ. ಮತ್ತು ಬೆನ್ನ ಹಿಂದೆ ಒಡ್ಡು. ಕತ್ತು ಎತ್ತಿ ನೋಡಿದರೆ ಸೆರಗು ಜಾರುವಷ್ಟು ಎತ್ತರ, ಅದರ ಆಚೆ ತುಂಬಿ ನಿಂತ ನೀರು, ನೀರಿನ ಮೇಲೆ ದೋಣಿ ಹತ್ತಿದ ಹುಬ್ಬಳ್ಳಿಯ ಮಂದಿಯ ನಗೆ.

ಈ ಚಿಲುಮೆಯನ್ನು ರೇವವ್ವ ಮೊದಲ ದಿನದಿಂದಲೂ ನಂಬಿಲ್ಲ. ಹೋದ ವರ್ಷದ ಮಳೆಗಾಲದ ತನಕ ಇಲ್ಲಿ ಬರೀ ಹುಲ್ಲಿತ್ತು. ಹುಲ್ಲು ಹಸಿಯಾಯಿತು, ಆಮೇಲೆ ಜೌಗಾಯಿತು, ಆಮೇಲೆ ಒಂದು ಮುಂಜಾನೆ ಬೆರಳಷ್ಟು ನೀರು ಉಕ್ಕುತ್ತಿತ್ತು, ಗಂಗವ್ವ ಬಂದಾಳ, ತಾನಾಗಿ ಎದ್ದು ಬಂದಾಳ, ಎಂದು ದೇವಿಕೊಪ್ಪದಿಂದಲೂ ಮಂದಿ ಕಾಯಿ ಹಿಡಿದುಕೊಂಡು ಬಂದರು. ಸಾವುಕಾರ ಸಂಗನಬಸವ ಹಳ್ಳಕ್ಕೆ ಒಡ್ಡು ಹಾಕಿಸಿ ದೋಣಿ ಬಿಟ್ಟು ರೊಕ್ಕ ಮಾಡುವವ, ದೇವಿಯನ್ನು ಬಿಟ್ಟಾನೆಯೇ, ಸುತ್ತ ನೀಲಿ ಹೆಂಚು ಕೂರಿಸಿ ಕಟ್ಟೆ ಕಟ್ಟಿಸಿದ, ಬೋರ್ಡು ಹಚ್ಚಿಸಿದ, ದೋಣಿ ಹತ್ತಲು ಬಂದವರು ಇಲ್ಲಿಗೂ ಇಳಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಗಂಗವ್ವ ಬರುವವಳಿದ್ದರೆ ತನ್ನ ಅತ್ತೆಯ ಕಾಲದಲ್ಲೇ ಬರಬಾರದಿತ್ತೇ, ಬೇಸಿಗೆಯಲ್ಲಿ ಹಳ್ಳದ ಉಸುಕು ತೋಡಿ ತೋಡಿ ಬೊಗಸೆ ನೀರಿಗೆ ಕಾದು ಕೂತಾಗ ಬಾರದವಳು ಸಾವುಕಾರ ಒಡ್ಡು ಕಟ್ಟಿದ ಮೇಲೆ ಅದರ ಬುಡಕ್ಕೇ ಬಂದಳೇ. ಯಾರೋ ತೋಡಿದ್ದಾರೆ ಅಂದುಕೊಂಡಳು ಮೊದಲು. ಮೀನು ಹಿಡಿಯುವ ದಾವೂದಸಾಬನನ್ನು ಕೇಳಿದಳು, ಗಾಳಕ್ಕ ಹುಳಾ ತೆಗ್ಯಾಕ ಅಲ್ಲಿ ನೀವಽ ಅಗೀತೀರಂತಲ್ಲ. ನಮ್ಮ ತಿಪ್ಪ್ಯಾಗ ಹುಳಕ್ಕೇನ ಬರಾ ಬಂದೈತೇನ್ರಿ ಅಕ್ಕಾರ, ಎಂದು ಆತ ನಕ್ಕ, ನಕ್ಕದ್ದೇ ಆಕೆಗೆ ಅನುಮಾನ, ಆಮೇಲೆ ಬಂದು ಹಿಡಿದ ಮೀನು ಕೊಟ್ಟು ಹೋಗಲು ನೋಡಿದ, ನಾವು ಲಿಂಗವಂತರೆಂಬುದು ಗೊತ್ತಿದ್ದೂ, ಪಾಪ, ತಬ್ಬಿಬ್ಬಾಗಿದ್ದನೋ ಏನೋ. ಆತ ಅಲ್ಲ. ಸಾವುಕಾರನನ್ನೂ ಕೇಳಿದಳು, ಆತನ ಅಡುಗೆಮನೆಗೆ ರೊಟ್ಟಿ ಬಡಿಯಲು ಹೋದಾಗ. ಅಕ್ಕಾರ, ಹೊಸಾ ಒಡ್ಡು ಅಂದಮ್ಯಾಲೆ ಚೂರ ಬೆವರತೈತ್ರಿ, ಮನಷ್ಯಾ ಬೆವರಂಗಿಲ್ಲೇನು. ಬೆವರುತ್ತಾನೆ, ದುಡಿದವ ಬೆವರುತ್ತಾನೆ, ಜ್ವರ ಬಿಟ್ಟವ ಬೆವರುತ್ತಾನೆ, ಸುಳ್ಳು ಹೇಳುವವನೂ ಬೆವರುತ್ತಾನೆ, ಆ ದಿನ ಸಾವುಕಾರನ ಹಣೆಯೇ ಒದ್ದೆಯಾಗಿತ್ತು. ಆ ವಾರವೇ ಕೋಡಿಗೆ ಉಸುಕಿನ ಚೀಲ ಪೇರಿಸಿದರು. ಹೆಚ್ಚಾದ ನೀರು ಹರಿದುಹೋಗಲೆಂದು ಬಿಟ್ಟ ದಾರಿಗೇ ಚೀಲ, ನೀರು ಇಳಿದರೆ ದೋಣಿ ಕೆಸರಿಗೆ ಕೂಡುತ್ತವಂತೆ, ಐತವಾರದ ಗಿರಾಕಿ ತಿರುಗಿ ಹೋಗುತ್ತಾರಂತೆ. ಚೀಲ ಹೊತ್ತವರಲ್ಲಿ ಆಕೆಯ ಗಂಡ ಮಡಿವಾಳೆಪ್ಪನೂ ಒಬ್ಬ. ದೋಣಿ ನಡೆಸುವುದು ಆತನ ಕೆಲಸ, ಅದರ ಜೊತೆಗೆ ಹೇಳಿದ್ದೆಲ್ಲವೂ. ಏನ್ರಿ ಇದು, ಕೋಡಿ ಕಟ್ಟಿದರ ನೀರು ಎಲ್ಲಿ ಹೋಗಬೇಕರಿ. ಉಣ್ಣೂ ತಾಟಿನ್ಯಾಗ ಮಣ್ಣ ಹಾಕಬ್ಯಾಡ, ಸುಮ್ಮನಿರು. ಆದರೆ ಎಮ್ಮೆಗಳ ವಿಷಯ ಬಂದಾಗ ಸುಮ್ಮನಿರಲಾಗಲಿಲ್ಲ ಮನಸ್ಸಿಗೆ. ಎರಡು ಎಮ್ಮೆ, ಮನೆಯ ಹಿತ್ತಲಲ್ಲಿ ಕಟ್ಟಿ ಮೇಯಿಸಿದ್ದು, ಮಳೆ ಜೋರಾದ ಹೋದ ವಾರ ಅವನ್ನು ಬಿಚ್ಚಿಕೊಂಡು ಗುಡ್ಡದ ಮೇಲಿನ ಹಳೆಯ ದನದ ಹಕ್ಕೆಗೆ ಒಯ್ದು ಕಟ್ಟಿದ, ಕೆಳಗ ಗುಂಗಾಡ ಭಾಳ ಅದಾವು, ಎಂದ. ಎಮ್ಮೆಗೆ ಗುಂಗಾಡು ಕಚ್ಚುತ್ತವಂತೆ, ಆ ಗುಂಗಾಡು ಕೂಸನ್ನು ಬಿಡುತ್ತವೆಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಾನು ಏನೂ ಕೇಳದಿದ್ದರೂ ಆತನೇ ಮತ್ತೊಂದು ಮಾತು ಸೇರಿಸಿದ, ಗಂಗಿಪೂಜಿ ಒಂದು ಮುಗೀಲಿ, ನೇತ್ರಾನ್ನ ಕೂಸಿನ ಕೂಡ ಗುಡಗೇರಿಗೆ ಕಳಿಸಿಬಿಡೂಣು. ಐದು ತಿಂಗಳು ತುಂಬುವ ತನಕ ತವರಲ್ಲಿರಲಿ ಅಂದವನು ಈತನೇ. ಬೀಗರಿಗೆ ಏನೋ ಮಾತು ಕೊಟ್ಟಿದ್ದಾನೆ, ಸಾವುಕಾರನ ಜೊತೆ ಏನೋ ಮಸಲತ್ತು ನಡೆಸಿದ್ದಾನೆ, ಮನೆ ಖಾಲಿ ಮಾಡಿಸಿ ಜಾಗವನ್ನು ಗಿರಾಕಿಗಳ ರೂಮು ಕಟ್ಟಲು ಬಿಟ್ಟುಕೊಡುತ್ತಾನೆ, ಹೀಗೆಲ್ಲ ಅಂದುಕೊಂಡು ಆಕೆ ರಾತ್ರಿಗಳನ್ನು ಕಳೆದದ್ದಾಯಿತು.

ಮತ್ತೆ ತುಂಬಿದ ತಂಬಿಗೆಯಲ್ಲಿ ಮತ್ತೆ ಅದೇ ಕಪ್ಪು, ಈ ಸಲ ಎಳೆಯಲ್ಲ, ತಳದಲ್ಲಿ ಕೂತಿದೆ, ಬೆರಳ ನಡುವೆ ತಿಕ್ಕಿದರೆ ಬೆಣ್ಣೆಯಂತೆ ನುಣುಪು. ಎರಿಮಣ್ಣು. ಇಲ್ಲೆಲ್ಲಿಯ ಎರಿಮಣ್ಣು, ಈ ಸೀಮೆಯ ನೆಲವೆಲ್ಲ ಕೆಂಪು, ಗುಡ್ಡ ಕೆಂಪು, ಹಳ್ಳದ ದಂಡೆ ಕೆಂಪು, ತಮ್ಮ ಮನೆಯ ಗೋಡೆ ಕೆಂಪು, ಎರಿ ಬೇಕೆಂದರೆ ಕುಂದಗೋಳದ ಕಡೆಗೆ ಹೋಗಬೇಕು — ಮತ್ತು ಹೋಗಿದ್ದರು, ಟಿಪ್ಪರು ಟಿಪ್ಪರು ತಂದಿದ್ದರು, ಒಡ್ಡು ಕಟ್ಟುವಾಗ ಆಕೆಯೇ ನಿಂತು ನೋಡಿದ್ದಾಳೆ, ಹೊಟ್ಟೆಗೆಲ್ಲ ಎರಿ ತುಂಬಿ ಮೇಲೆ ಕೆಂಪು ಗರಸು ಹೊದಿಸಿದ್ದರು, ಎರಿ ನೀರು ಬಿಡಂಗಿಲ್ಲ ನೋಡ, ಎಂದಿದ್ದ ಮಡಿವಾಳೆಪ್ಪ ಆಗ, ದೊಡ್ಡಸ್ತಿಕೆಯಿಂದ. ಹಾಗಾದರೆ ಈ ಮಣ್ಣು ಒಡ್ಡಿನ ಹೊಟ್ಟೆಯದು. ಯಾರೂ ತೋಡಿಲ್ಲ, ಯಾರೂ ಕದಡಿಲ್ಲ, ಒಳಗಿನಿಂದಲೇ ನೀರು ಅದನ್ನು ತಿಂದು ತಂದು ಹಾಕುತ್ತಿದೆ, ಇಷ್ಟು ದಿನ ತಾವೆಲ್ಲ ಬಗ್ಗಿ ಬಗ್ಗಿ ಇದರ ಬಾಯಿ ಕೆದರಿ ದಾರಿ ಮಾಡಿಕೊಟ್ಟದ್ದು, ಹಳ್ಳದ ಒರತೆ ಕೆದರಿದ ಹಾಗೆ, ಕೆದರಿದಷ್ಟೂ ನೀರು ಬರುತ್ತದೆಂದು ಹಿರಿಯರು ಹೇಳಿಕೊಟ್ಟದ್ದನ್ನು ನಂಬಿ. ಈಗ ನೋಡಿದರೆ ನೀಲಕ್ಕ ಕಾಯಿಚಿಪ್ಪು ಹಿಡಿದು ಅದನ್ನೇ ಮಾಡುತ್ತಿದ್ದಾಳೆ, ಬಾಯಿ ಕಟ್ಟೈತ್ರಿ, ಚೂರ ಬಿಡಿಸಿದರ ಚಲೋ ನೀರ ಬರತೈತಿ. ಬ್ಯಾಡ ಬಿಡ್ರಿ. ಯಾಕ್ರಿ. ಬ್ಯಾಡ ಅಂದ್ನೆಲ್ಲರಿ. ತಲೆ ಎತ್ತಿದಳು ರೇವವ್ವ, ಒಡ್ಡಿನ ಮೇಲೆ ಮಡಿವಾಳೆಪ್ಪ ನಿಂತಿದ್ದಾನೆ, ದೋಣಿ ಬಿಟ್ಟು ಬಂದು ನಿಂತಿದ್ದಾನೆ, ನೋಡುತ್ತಿರುವುದು ಹೆಂಡತಿಯನ್ನಲ್ಲ, ಮಗಳನ್ನಲ್ಲ, ಚಿಲುಮೆಯನ್ನು, ಕಣ್ಣು ಕೂಡಿದ ಕೂಡಲೇ ಮುಖ ತಿರುಗಿಸಿದ. ಗೊತ್ತಿದೆ ಈತನಿಗೆ. ಎಮ್ಮೆ ಬಿಚ್ಚಿದ ದಿನವೇ ಗೊತ್ತಿತ್ತು. ಎಮ್ಮೆಗೆ ಮಡಿಯಿಲ್ಲ, ಮೈಲಿಗೆಯಿಲ್ಲ, ಹಗ್ಗ ಬಿಚ್ಚಿದರಾಯಿತು, ಬಾಣಂತಿಯ ಹೊರಸು ಮಾತ್ರ ಗಂಗಿಪೂಜಿಗೆ ಮೊದಲು ಕದಲಬಾರದು, ಆದ್ದರಿಂದ ಪೂಜೆ ಮುಗಿಯಲೆಂದು ಕಾಯುತ್ತ ಕೂತ, ದಿನ ದಿನವೂ ಒಡ್ಡನ್ನು ನೋಡುತ್ತ, ದಿನ ದಿನವೂ ಗಂಟಲಿಗೆ ರೊಟ್ಟಿ ಇಳಿಸುತ್ತ. ಆತನ ಮೇಲೆ ಹೇಸಿಕೆ ಬಂತು ಆಕೆಗೆ, ಅದರ ಹಿಂದೆಯೇ ಕರುಣೆಯೂ ಬಂತು, ಎರಡಕ್ಕೂ ಈಗ ಪುರಸೊತ್ತಿಲ್ಲ. ನೇತ್ರಾ, ಏಳ. ಯವ್ವಾ, ಉಡಿ ತುಂಬೂದ ಐತಲ್ಲ. ಏಳಂದ್ನೆಲ್ಲ, ಕೂಸಿನ್ನ ಎತ್ತಿಕೊಂಡು ಗುಡ್ಡ ಹತ್ತ, ಎಮ್ಮಿ ಕಟ್ಟೀವಲ್ಲ ಅಲ್ಲಿಗೆ, ಮಂಜುಳಾನ್ನೂ ಕರಕೊಂಡು ಹೋಗ, ತಿರುಗಿ ನೋಡಬ್ಯಾಡ. ನೀಲಕ್ಕ ಎದ್ದು ಅಡ್ಡ ನಿಂತಳು, ಅರ್ಧಾ ಪೂಜಿ ಬಿಟ್ಟರ ಕೂಸಿಗೆ ಒಳ್ಳೇದಾಗಂಗಿಲ್ರಿ, ನಿಮಗೇನ ಹಿಡದೈತ್ರಿ ಬೀಗತ್ಯಾರ. ಕೂಸು ಉಳಿದರ ಇನ್ನೊಮ್ಮೆ ಮಾಡೂಣ್ರಿ, ಎಂದಳು ರೇವವ್ವ, ಧ್ವನಿ ತನ್ನದೇ ಎಂದು ಗುರುತು ಸಿಗದ ಹಾಗೆ, ಮತ್ತು ಮಗಳ ರಟ್ಟೆ ಹಿಡಿದು ಎಬ್ಬಿಸಿ ದೂಡಿದಳು, ಬಳೆ ಒಡೆದವು, ಒಡೆಯಲಿ, ಉಣ್ಣೆಯ ಬಟ್ಟೆ ಕಿವಿಯಿಂದ ಬಿಚ್ಚಿ ಹಿಂದೆ ಬೀಳುತ್ತದೆ, ಬೀಳಲಿ, ಹಸಿ ಮೈಯ ಹುಡುಗಿ ಓಡುತ್ತಿದ್ದಾಳೆ, ಹಳ್ಳದ ದಂಡೆಗುಂಟ, ಮನೆಯ ಬಾಗಿಲು ಇನ್ನೂ ದೂರ, ನೀಲಕ್ಕನೂ ಈಗ ಬೈಯುತ್ತ ಬೈಯುತ್ತ ಆಕೆಯ ಹಿಂದೆ, ಮೇಲೆ ಯಾರೋ ಕೋಡಿಯ ಚೀಲ ಎಳೆಯುವ ಸದ್ದು, ಸಾವುಕಾರ ಬೈಯುವ ಸದ್ದು, ಮಡಿವಾಳೆಪ್ಪನೇ ಎಳೆಯುತ್ತಿರಬೇಕು, ಈಗ ಎಳೆಯುತ್ತಿದ್ದಾನೆ — ತಾನೂ ಓಡಬೇಕು, ಕಣ್ಣು ಚಿಲುಮೆಯನ್ನು ಬಿಡುವುದಿಲ್ಲ, ಹೆಂಚಿನ ಕಟ್ಟೆಯ ಒಳಗೆ ನೆಲ ಅಂಬಲಿ ಕುದಿದ ಹಾಗೆ ಗುಳುಗುಳು ಎನ್ನುತ್ತಿದೆ, ಐದು ಕಲ್ಲು ಇಟ್ಟದ್ದಲ್ಲವೇ, ಮಗಳು ಸಾಲಾಗಿ ಐದು ಇಟ್ಟದ್ದು, ನಾಲ್ಕೇ ಇವೆ, ಬಾಗಿಲು ಮುಟ್ಟಿದಳೇ ನೇತ್ರಾ, ಕೂಸನ್ನು ಎತ್ತಿಕೊಂಡಳೇ, ಕುಂಕುಮದ ಇನ್ನೊಂದು ಕಲ್ಲು ತಟ್ಟನೆ ವಾಲಿ, ಅಂಚಿನವರೆಗೂ ಮುಳುಗಿ, ಕೆಂಪು ಒಂದು ಚುಕ್ಕೆ ಮಾತ್ರ ಉಳಿದು, ಅದೂ ಹೋಯಿತು, ಮೂರು. ಮೂರು ಕಲ್ಲು.