ಎರಡು ಹೊತ್ತಿನ ಹನಿ

ಹೊಲಿಗೆಯವಳು ಕಣ್ಣಿನ ಔಷಧಿಯ ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ಅತ್ತೆಯ ಕಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತು. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು. ಇಷ್ಟು ಹೊತ್ತಿಗೆ ತಳ ಕಾಣಬೇಕಿತ್ತು. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

ಮಧ್ಯಾಹ್ನ ತಾನೇ ಡಾಕ್ಟರು, "ಔಷಧಿ ಸರಿಯಾಗಿ ಬಿಡ್ತಿದ್ದೀರಾ? ಒಳಗೆಲ್ಲ ಊದಿದೆ. ಹೀಗೇ ಆದ್ರೆ ದೃಷ್ಟಿ ಹೋಗುತ್ತೆ" ಅಂದಿದ್ದರು. ಒಂದು ಹೊತ್ತೂ ತಪ್ಪಿಸಿಲ್ಲ ಎಂದು ಅವಳು ಎದೆ ತಟ್ಟಿಕೊಂಡು ಹೇಳಿ ಬಂದಿದ್ದಳು. ಅತ್ತೆ ಪಕ್ಕದಲ್ಲೇ ತುಟಿ ಬಿಚ್ಚದೆ ಕೂತಿದ್ದರು. ಅವರ ಕೈ ನಡುಗುತ್ತದೆ, ತನಗೆ ಅಂಗಡಿ. ಹನಿ ಬಿಡುವ ಕೆಲಸವನ್ನು ಮಗಳಿಗೆ ವಹಿಸಿದ್ದಳು.

"ಪುಟ್ಟೀ, ಅಜ್ಜಿಗೆ ಹನಿ ಬಿಡ್ತಿದ್ದೆ ತಾನೇ?"

ಹತ್ತು ವರ್ಷದ ಹುಡುಗಿ ಪುಸ್ತಕದಿಂದ ತಲೆಯೆತ್ತಲಿಲ್ಲ. "ಮೊದಲನೇ ವಾರ ಬಿಟ್ಟೆ. ಆಮೇಲೆ ಅಜ್ಜಿ ಹತ್ರ ಕಾಸು ಮುಗಿದುಹೋಯ್ತು."

"ಯಾವ ಕಾಸು?"

"ಹನಿಗೊಂದು ನಾಣ್ಯ. ಬಿಟ್ಟಿ ಮಾಡಿದ್ರೆ ಬೆಲೆ ಇರಲ್ಲ ಅಂತ ನೀನೇ ಹೇಳಿದ್ದಲ್ವಾ. ಸಾಲ ಹೇಳಿದ್ರೆ ಒಪ್ಪಬೇಡ ಅಂತಾನೂ ಹೇಳಿದ್ದೆ."

ಅವಳು ಹೇಳಿದ್ದು ನಿಜ. ಮದುವೆಯಾದ ಮೇಲೆ ಮೊದಲ ಎಂಟು ವರ್ಷ ಗಂಡನ ಕಡೆಯವರ ಬಟ್ಟೆಯೆಲ್ಲ ಅವಳೇ ಹೊಲಿದಿದ್ದಳು. 'ಮನೆಯವಳು ತಾನೇ' ಎಂದು ನಗುನಗುತ್ತಾ ಗಂಟು ತಂದಿಡುತ್ತಿದ್ದರು. ದಾರದ ದುಡ್ಡೂ ಹುಟ್ಟುತ್ತಿರಲಿಲ್ಲ. ಮಗಳಿಗೆ ಆ ಪಾಡು ಬೇಡವೆಂದು ಪಾತ್ರೆ ಒರೆಸಿದರೆ ಇಷ್ಟು, ಗುಂಡಿ ಹೊಲಿದರೆ ಇಷ್ಟು ಎಂದು ಕೊಟ್ಟು ಅಭ್ಯಾಸ ಮಾಡಿಸಿದ್ದಳು. ಹುಡುಗಿ ಭಾರಿ ಚುರುಕು ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡೂ ಇದ್ದಳು.

ಅತ್ತೆ ಒಳಕೋಣೆಯ ಮಂಚದಲ್ಲಿ ಗೋಡೆಗೊರಗಿ ಕೂತಿದ್ದರು.

"ನನಗೊಂದು ಮಾತು ಹೇಳಬಾರದಿತ್ತಾ ಅತ್ತೆ?"

"ಏನಂತ ಹೇಳ್ಲಿ? ಮಗು ದುಡಿಯೋದು ಕಲೀತಿದೆ ಅಂತ ನೀನು ಹಿಗ್ಗುತ್ತಿದ್ದೆ. ಅವಳೇನೂ ಜುಲುಮೆ ಮಾಡ್ಲಿಲ್ಲಮ್ಮ. ಕೊನೇ ದಿನ ಒಂದು ಹನಿ ಕಾಸಿಲ್ಲದೇ ಬಿಟ್ಟಳು, ಹಳೇ ಗಿರಾಕಿ ಅಂತ."

"ಕಾಸು ಬೇಕು ಅಂದಿದ್ರೆ ನಾನು ಕೊಡ್ತಿರ್ಲಿಲ್ವಾ?"

"ಕೊಡ್ತಿದ್ದೆ. ಯಾತಕ್ಕೆ ಅಂತ ಕೇಳಿ ಕೊಡ್ತಿದ್ದೆ."

ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸೊಸೆ ತಿರುಗಿ ಏನಾದರೂ ಅನ್ನುತ್ತಿದ್ದಳು. ಎರಡು ವರ್ಷದ ಹಿಂದೆ, 'ನೀವೆಲ್ಲಾದರೂ ಕಳ್ಕೋತೀರಿ' ಎಂದು ಅವರ ಪಿಂಚಣಿಯ ಕಾರ್ಡನ್ನು ಇಸಿದುಕೊಂಡವಳು ಅವಳೇ. ಅಕ್ಕಿ, ಬಾಡಿಗೆ, ಶಾಲೆಯ ಫೀಸು ಎಂದು ಆ ದುಡ್ಡು ತಿಂಗಳು ತಿಂಗಳೂ ಕರಗುತ್ತಿತ್ತು. ಅವರ ಕೈಗೆ ಏನಿಟ್ಟಿದ್ದೆ ಎಂದು ನೆನಪಿಸಿಕೊಳ್ಳಲು ಹೋದಳು. ಏನೂ ನೆನಪಾಗಲಿಲ್ಲ.

ಸೋಪು ಹಚ್ಚಿ ಕೈ ತೊಳೆದು ಬಂದಳು. ಅತ್ತೆಯ ಗಲ್ಲ ಹಿಡಿದು ಮೇಲೆತ್ತಿ, ಕೆಳರೆಪ್ಪೆ ಎಳೆದು ಹನಿ ಬಿಟ್ಟಳು. ಕೆಂಪಾದ ಕಣ್ಣು ಪಟಪಟನೆ ಬಡಿದು ಮುಚ್ಚಿಕೊಂಡಿತು.

ಕಣ್ಣು ಮುಚ್ಚಿಕೊಂಡೇ ಮುದುಕಿ ದಿಂಬಿನಡಿ ಕೈ ಹಾಕಿ ತಡಕಾಡಿದರು.

"ನಿನ್ನದೆಷ್ಟಮ್ಮ?"

ಸೊಸೆ ಶೀಶೆಯ ಮುಚ್ಚಳ ತಿರುಗಿಸುತ್ತಾ ನಿಂತಳು. ಅದು ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದಳು.