ಬೆನ್ನಿನ ಮೇಲಿನ ಹೆಸರು

ವಾಹನಗಳಿಗೆ ಬೆನ್ನು ಮಾಡಿ ನಡೆಯುವುದು ಮುರುಗೇಶಪ್ಪನವರಿಗೆ ಆಗದ ಕೆಲಸ. ದುರ್ಗಿಗುಡಿಯ ಇಕ್ಕಟ್ಟಿನ ರಸ್ತೆಯಲ್ಲೂ ಬಲಬದಿಗೆ ಸರಿದು, ಎದುರು ಬರುವ ಪ್ರತಿಯೊಬ್ಬ ಸ್ಕೂಟರ್ ಸವಾರನನ್ನೂ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಂತೆ ದಿಟ್ಟಿಸುತ್ತ, ಎಡಗಾಲನ್ನು ತುಸು ಎಳೆದು ನಡೆಯುತ್ತಾರೆ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕ್ರೇನಿನ ಕೆಳಗೆ ದುಡಿದವರು. ಮಾತಿಗೊಮ್ಮೆ ‘ಕಾಣ್ಬೇಕು’ ಎನ್ನುವುದು ಅಲ್ಲಿಂದ ಬಂದ ಚಾಳಿ.

ಶಿವರಾತ್ರಿಯ ಪಾದಯಾತ್ರಿಗಳಿಗೆ ಭದ್ರಾವತಿ ರಸ್ತೆಯ ಬದಿಯಲ್ಲಿ ನಸುಕಿನಲ್ಲಿ ಬಿಸಿ ಕಷಾಯ ಕೊಡುವ ನಮ್ಮ ಸೇವಾ ಸಮಿತಿಯಲ್ಲಿ ರಸ್ತೆಯ ಉಸ್ತುವಾರಿ ಒಂಬತ್ತು ವರ್ಷ ಅವರದಾಗಿತ್ತು. ರಿಫ್ಲೆಕ್ಟರ್ ಜಾಕೆಟ್ ತೊಡದವರ ಕೈಗೆ ಅವರು ಲೋಟ ಕೊಡುತ್ತಿರಲಿಲ್ಲ. ಸಸ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿ ನಿವೃತ್ತಳಾದ ನನಗೂ ಮೊದಲ ದಿನವೇ, ‘ಮೇಡಂ, ಸೆರಗು ಜಾಕೆಟ್ ಒಳಗೆ. ಸೀರೆ ಚೆನ್ನಾಗಿದೆ, ಆದ್ರೆ ಲಾರಿಯವ್ನಿಗೆ ಕಾಣಲ್ಲ’ ಎಂದಿದ್ದರು. ಸಿಟ್ಟು ಬಂತು, ಸೆರಗನ್ನು ಒಳಗೆ ಸೇರಿಸಿದೆ.

ಕಳೆದ ವರ್ಷ ಸಮಿತಿಯ ಅಧ್ಯಕ್ಷ ಗಣಪಯ್ಯನವರು ತೀರಿಕೊಂಡ ತಾಯಿಯ ನೆನಪಿಗೆ ನಲವತ್ತು ಹೊಸ ಜಾಕೆಟ್ ಮಾಡಿಸಿದರು. ಬೆನ್ನಿನ ಮೇಲೆ, ಹೊಳೆಯುವ ಬೆಳ್ಳಿ ಪಟ್ಟಿಗಳನ್ನೇ ಮುಚ್ಚಿ, ದಪ್ಪ ಕಪ್ಪಕ್ಷರದಲ್ಲಿ ‘ದಿ. ತುಂಗಮ್ಮನವರ ಸ್ಮರಣಾರ್ಥ’. ಗೋಡೆ ಗಡಿಯಾರದಿಂದ ಹಿಡಿದು ಸಾರಿನ ಸೌಟಿನವರೆಗೆ ದಾನಿಯ ಹೆಸರು ಬರೆಸಿ ರೂಢಿಯಾದ ನಮಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಮುರುಗೇಶಪ್ಪನವರು ಅಕ್ಷರಗಳನ್ನು ಉಗುರಿನಿಂದ ಕೆರೆದು ನೋಡಿ, ಇದನ್ನು ಹಾಕಿಕೊಂಡವರನ್ನು ರಸ್ತೆಗೆ ಬಿಡುವುದಿಲ್ಲವೆಂದರು. ಹಾಗಾದರೆ ಉಸ್ತುವಾರಿಗೆ ಬೇರೆಯವರು ಸಿಗುತ್ತಾರೆ ಎಂದರು ಗಣಪಯ್ಯ. ಅವರ ಕಣ್ಣು ತುಂಬಿತ್ತು, ಅದು ನಟನೆಯಾಗಿರಲಿಲ್ಲ.

ಮುರುಗೇಶಪ್ಪನವರು ವಾದಕ್ಕೆ ನಿಲ್ಲಲಿಲ್ಲ. ಕತ್ತಲಾದ ಮೇಲೆ ನವುಲೆಯ ಬಯಲೊಂದರ ತುದಿಯಲ್ಲಿ ಇಬ್ಬರು ಸ್ವಯಂಸೇವಕರನ್ನು ಬೆನ್ನು ಮಾಡಿ ನಿಲ್ಲಿಸಿದರು: ಹಳೆಯ ಜಾಕೆಟ್ಟಿನಲ್ಲಿ ಶಿವರಾಜ್, ಹೊಸದರಲ್ಲಿ ಶೀತಲ್. ಗಣಪಯ್ಯನವರನ್ನು ಬಯಲಿನ ಈಚೆ ತುದಿಯಲ್ಲಿ ಅವರದೇ ಕಾರಿನಲ್ಲಿ ಕೂರಿಸಿ ದೀಪ ಹಾಕಿಸಿದರು. ನಾನು ಹಿಂದಿನ ಸೀಟಿನಲ್ಲಿದ್ದೆ.

‘ಎಷ್ಟು ಜನ ಇದಾರೆ, ಗಣಪಯ್ಯನೋರೆ?’

‘ಒಬ್ನೇ. ಶಿವರಾಜ.’

‘ಪಕ್ಕದಲ್ಲೇ ಶೀತಲ್ ನಿಂತಿದಾಳೆ.’

ಗಣಪಯ್ಯ ಸ್ಟೀರಿಂಗಿನ ಮೇಲೆ ಬಾಗಿ ಮತ್ತೊಮ್ಮೆ ನೋಡಿದರು. ‘ಅಮ್ಮನ ಹೆಸ್ರು ಎಲ್ಲಿ ಹಾಕ್ಸೋದು ಮಾರಾಯ?’

‘ಕಾಲರ್ ಒಳಗೆ ಹಾಕ್ಸಿ. ಹಾಕ್ಕೊಳೋರು ಓದ್ತಾರೆ.’

ಹೆಸರು ಕಾಲರಿನೊಳಗೆ ಸೇರಿ ಜಾಕೆಟ್‌ಗಳು ಹೊಸದಾಗಿ ಬಂದವು. ಆ ಶಿವರಾತ್ರಿಗೆ ನಮ್ಮ ನಲವತ್ತು ಮಂದಿಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ಉಸ್ತುವಾರಿ ಮಾತ್ರ ಬೇರೆಯವರಿಗೆ ಹೋಯಿತು. ಮುರುಗೇಶಪ್ಪನವರದು ನಿಷ್ಠುರ ಸ್ವಭಾವವೆಂಬುದು ಕೊಟ್ಟ ಕಾರಣ. ಆಕ್ಷೇಪಿಸಬೇಕಾಗಿದ್ದ ನಾನೂ ಬಾಯಿ ಬಿಡಲಿಲ್ಲ. ನಡೆದ ಅಪಘಾತಕ್ಕೆ ಸಾಕ್ಷಿಗಳಿರುತ್ತಾರೆ. ನಡೆಯದೆ ಹೋದದ್ದಕ್ಕೆ ಯಾರೂ ಇರುವುದಿಲ್ಲ. ಆದ್ದರಿಂದ ಇಂಥವರು ಯಾರನ್ನು ಉಳಿಸಿದರೆಂಬುದು ಉಳಿದವರಿಗೇ ತಿಳಿಯುವುದಿಲ್ಲ. ಯಾರನ್ನು ನೋಯಿಸಿದರೆಂಬುದು ಮಾತ್ರ ಊರಿಗೆಲ್ಲ ನೆನಪಿರುತ್ತದೆ.