ಅಮಾವಾಸ್ಯೆಯ ಕುಂದಾ

ಮಗ್ಗದ ಮುಂದೆ ನಿಂತಷ್ಟು ಹೊತ್ತು ಶಿವಲಿಂಗ ನೀರು ಕುಡಿಯುತ್ತಿರಲಿಲ್ಲ. ನಾಲಿಗೆ ಒಣಗಿ ಅಂಟಿಕೊಂಡರೂ ಕುಡಿಯುತ್ತಿರಲಿಲ್ಲ. ಕುಡಿದರೆ ಹೊರಗೆ ಹೋಗಬೇಕು, ಹೋದರೆ ಮಗ್ಗ ನಿಲ್ಲುತ್ತದೆ. ವಿದ್ಯುತ್ ಮಗ್ಗಗಳ ಗದ್ದಲದಲ್ಲಿ ಒಂದೇ ಒಂದು ನಿಂತರೂ ಇಡೀ ಶೆಡ್ಡಿಗೆ ಗೊತ್ತಾಗುತ್ತದೆ. ಪದೇ ಪದೇ ನಿಂತರೆ ಅವನಿಗೆ ಸಕ್ಕರೆ ಕಾಯಿಲೆ ಎಂದು ಹೇಳಲು ಡಾಕ್ಟರು ಬೇಕಾಗುವುದಿಲ್ಲ.

ಅದೇ ಶೆಡ್ಡಿನ ದುಂಡಪ್ಪನ ಗತಿಯನ್ನು ಬೆಳಗಾವಿಯ ವಡಗಾವಿಯಲ್ಲಿ ಆ ನೇಕಾರರ ಓಣಿಯವರೆಲ್ಲ ನೋಡಿದ್ದರು. ಸಕ್ಕರೆಯಿಂದ ಅವನ ಕಣ್ಣುಗಳು ಮಂಜಾದವು. ಹರಿದ ಎಳೆ ಕಾಣದೆ ಸೀರೆಗಳು ಕೆಟ್ಟವು. ಮಾಲೀಕ ಗುರುಸಿದ್ದಪ್ಪ ಬಯ್ಯಲಿಲ್ಲ, ಮರುದಿನ ಅವನನ್ನು ಮೂಲೆಯಲ್ಲಿ ಕಂಡಿಕೆ ಸುತ್ತಲು ಕೂಡಿಸಿದ ಅಷ್ಟೆ. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವುದು ಓಣಿಯಲ್ಲಿ ಹೆಂಗಸರು ಮನೆಕೆಲಸದ ನಡುವೆ ಮಾಡುವ ಕೆಲಸ. ಅದರ ಕೂಲಿಯಿಂದ ಒಂದು ಸಂಸಾರ ನಡೆಯುವುದಿಲ್ಲ. ನೇಕಾರನಿಗೆ ನೇಯ್ದ ಸೀರೆಗೆ ಕೂಲಿ, ನೇಯದ ದಿನಕ್ಕೆ ಏನೂ ಇಲ್ಲ.

ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುವುದು ಮೊದಲಿನಿಂದಲೂ ಇತ್ತು. ಆಗ ಕೊಬ್ಬರಿ ಚೂರು ಹಂಚುತ್ತಿದ್ದರು. ದುಂಡಪ್ಪ ಮೂಲೆಗೆ ಹೋದ ಮೇಲೆ ಅದರ ಬದಲು ಹಾಲು-ಸಕ್ಕರೆ ಕಾಯಿಸಿ ಮಾಡಿದ ಕುಂದಾದ ಡಬ್ಬಿ ಬರತೊಡಗಿತು. ಗುರುಸಿದ್ದಪ್ಪ ತಾನೇ ಒಬ್ಬೊಬ್ಬರ ಅಂಗೈಗೆ ಚಮಚೆಯಿಂದ ಹಾಕಿ, ಅವರು ನುಂಗುವವರೆಗೂ ಎದುರಿಗೆ ನಿಲ್ಲುತ್ತಿದ್ದ.

“ತಿನ್ನೋ, ಏನ್ ನೋಡ್ತಿ? ಇಸಾ ಅಲ್ಲದು” ಎಂದು ನಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಸಿಹಿಗೆ ಹಿಂಜರಿಯುವವನು ಯಾರೆಂದು ನೋಡಲಿಕ್ಕೆ ಅದು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಶಿವಲಿಂಗನೂ ತಿನ್ನುತ್ತಿದ್ದ. ತಿಂದು ಮನೆಗೆ ಬಂದು ಗೋಡೆಗೆ ತಲೆ ಆನಿಸಿ ಕೂತುಬಿಡುತ್ತಿದ್ದ. ಕಾಲಿನ ಹೆಬ್ಬೆರಳಿನ ಗಾಯ ಮಳೆಗಾಲದಿಂದ ಮಾಯ್ದಿರಲಿಲ್ಲ.

“ಉಪವಾಸ ಐತಿ ಅನ್ರಿ” ಎಂದಳು ಹೆಂಡತಿ ಸಾವಂತ್ರವ್ವ.

“ಬಾಜೂ ಮಗ್ಗದ ಭರಮಪ್ಪ ಹಂಗ ಅಂದಿದ್ದ. ಮಾಲಕ್ರು ಅವನ ಪಾಲು ತಗದಿಟ್ಟು ಮರುದಿನ ತಿನ್ನಿಸಿದ್ರು.”

“ಹಂಗಂತ ಸಾಯೂತನಕ ತಿಂತೀರೇನು?”

“ದುಂಡಪ್ಪನ ಬಾಜೂ ಕುಂದ್ರೂದಕಿಂತ ಇದ ಬೇಷಿ.”

ಬೆಳಗಾವಿಯಲ್ಲಿ ಡಾಕ್ಟರುಗಳಿಗೆ ಬರವಿರಲಿಲ್ಲ. ಆದರೆ ಯಾರಾದರೂ ಕಂಡರೆ? ಸಾವಂತ್ರವ್ವನ ತವರು ಗುಂಜಿ. ತವರಿಗೆ ಹೋಗುತ್ತೇವೆಂದು ಓಣಿಯಲ್ಲಿ ಹೇಳಿ, ಇಬ್ಬರೂ ರೈಲು ಹತ್ತಿ ಗುಂಜಿಗಿಂತ ಮೊದಲೇ ಖಾನಾಪುರದಲ್ಲಿ ಇಳಿಯುತ್ತಿದ್ದರು. ಅಲ್ಲಿ ಎಸ್‌ಟಿಡಿ ಬೂತಿನ ಪಕ್ಕ ಒಬ್ಬ ಡಾಕ್ಟರ ದವಾಖಾನೆಯಿತ್ತು.

ಶ್ರಾವಣ ಕಳೆದ ಮೇಲೊಂದು ಸಲ ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಒಳಗಿನ ಬಾಗಿಲು ತೆರೆಯಿತು. ಮೊಣಕೈ ಮಡಚಿ, ಅದರ ಸಂದಿಯಲ್ಲಿ ಹತ್ತಿ ಒತ್ತಿಕೊಂಡು ಗುರುಸಿದ್ದಪ್ಪ ಹೊರಗೆ ಬಂದ. ಬೆನ್ನ ಹಿಂದೆ ಡಾಕ್ಟರು ಇನ್ನೂ ಹೇಳುತ್ತಿದ್ದರು: “ಶುಗರ್ ಭಾಳ ಏರೇತ್ರಿ. ಸಿಹಿ ಮುಟ್ಟಬ್ಯಾಡ್ರಿ.”

ಮೂವರೂ ಒಬ್ಬರನ್ನೊಬ್ಬರು ನೋಡಿದರು.

“ಗುಂಜಿಗೆ ಹೊಂಟೀರೇನು?” ಎಂದ ಗುರುಸಿದ್ದಪ್ಪ.

“ಹೌದ್ರಿ” ಎಂದ ಶಿವಲಿಂಗ.

ಹೊರಗೆ ಕಾರು ಹೊರಟ ಸದ್ದು ಕೇಳಿತು. ಶಿವಬಸವ ನಗರದ ಗುರುಸಿದ್ದಪ್ಪನ ಮನೆಯಲ್ಲಿ ಮಗಳಿಗೆ ಗಂಡು ನೋಡುತ್ತಿದ್ದರು. ಮನೆತನದಲ್ಲಿ ಸಕ್ಕರೆ ಇದೆಯೆಂದು ತಿಳಿದರೆ ಬೀಗರು ಹಿಂದೆ ಸರಿದಾರು. ಆತನಿಗಿದ್ದ ಭಯ ಅದೊಂದೇ.

ಮರಳುವಾಗ ರೈಲಿನಲ್ಲಿ ಶಿವಲಿಂಗ ಎಷ್ಟೋ ದಿನಗಳ ಮೇಲೆ ನಕ್ಕ. “ಇನ್ನ ನನ್ನ ಕೈಗೆ ಕುಂದಾ ಹಾಕಾಂಗಿಲ್ಲ ನೋಡ. ಅವರದು ನಮಗ ಗೊತ್ತು, ನಮ್ಮದು ಅವರಿಗೆ ಗೊತ್ತು.”

ಸಾವಂತ್ರವ್ವ ನಗಲಿಲ್ಲ. ಮನೆಯಲ್ಲಿ ಸುತ್ತಿದ ಕಂಡಿಕೆ ಕೊಡಲು ಅಮಾವಾಸ್ಯೆಗೆ ಹೋದಾಗೆಲ್ಲ ಅವಳು ಆ ಪೂಜೆಯನ್ನು ನೋಡಿದ್ದಳು. ಚಮಚೆ ಎಲ್ಲರ ಅಂಗೈಗೆ ಹೋಗುತ್ತಿತ್ತು. ಮಾಲೀಕನ ಬಾಯಿಗೆ ಹೋದದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಹಂಚುವವನನ್ನು ತಿನ್ನು ಎಂದು ಯಾರು ಹೇಳುತ್ತಾರೆ?

ಅಮಾವಾಸ್ಯೆ ಬಂತು. ಮಗ್ಗಗಳಿಗೆ ವಿಭೂತಿ, ಹೂವು. ಗುರುಸಿದ್ದಪ್ಪ ಸಾಲಿನುದ್ದಕ್ಕೂ ಹಂಚುತ್ತ ಬಂದ. ಶಿವಲಿಂಗ ಕೈಯನ್ನು ಅರ್ಧಕ್ಕೆ ಚಾಚಿ ನಿಂತಿದ್ದ. ಮಾಲೀಕ ಅವನ ಮುಖ ನೋಡಲಿಲ್ಲ. ಚಮಚೆ ಡಬ್ಬಿಯ ಆಳಕ್ಕೆ ಹೋಗಿ, ಉಳಿದವರಿಗೆ ಹಾಕಿದ್ದಕ್ಕಿಂತ ದೊಡ್ಡ ಉಂಡೆಯನ್ನು ಅವನ ಅಂಗೈಗೆ ಹಾಕಿತು.

“ತಿನ್ನೋ.”

ಶಿವಲಿಂಗ ಕೈಯೆತ್ತಿದ. ಬಾಗಿಲಲ್ಲಿ ಕಂಡಿಕೆ ಬುಟ್ಟಿ ಹಿಡಿದು ನಿಂತಿದ್ದ ಸಾವಂತ್ರವ್ವ ಬುಟ್ಟಿ ಕೆಳಗಿಟ್ಟು ಬಂದು ಗಂಡನ ಮಣಿಕಟ್ಟು ಹಿಡಿದಳು. ಕುಂದಾವನ್ನು ತನ್ನ ಕೈಗೆ ತೆಗೆದುಕೊಂಡು ಮಾಲೀಕನ ಮುಂದೆ ಹಿಡಿದಳು.

“ನೀವು ತಿನ್ರಿ ಮಾಲಕ್ರ.”

“ಏನವ್ವಾ ಇದು? ಪ್ರಸಾದಕ್ಕ ಚಾಷ್ಟಿ ಮಾಡ್ತಿ?”

“ಚಾಷ್ಟಿ ಅಲ್ರಿ. ನಿಮ್ಮ ಡಾಕ್ಟರ್, ನಮ್ಮ ಡಾಕ್ಟರ್ ಒಬ್ಬನ. ಸಿಹಿ ಮುಟ್ಟಬ್ಯಾಡಂತ ನಿಮಗೂ ಹೇಳ್ಯಾನ, ನನ್ನ ಗಂಡಗೂ ಹೇಳ್ಯಾನ. ನಿಮಗ ಇಸಾ ಆದದ್ದು ಅವರಿಗಷ್ಟ ಪ್ರಸಾದ ಹೆಂಗ ಆಕ್ಕೈತಿ?”

ಮೂಲೆಯಲ್ಲಿ ದುಂಡಪ್ಪನ ರಾಟೆ ಅವನು ಕೈಬಿಟ್ಟ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಿದ್ದು, ಆಮೇಲೆ ನಿಂತಿತು.

ಗುರುಸಿದ್ದಪ್ಪ ಡಬ್ಬಿಯ ಮುಚ್ಚಳ ಹಾಕಿದ. ಸಿಟ್ಟಾಗಲಿಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಡುವವನಂತೆ ಮಾತಾಡಿದ.

“ಖರೇ ಐತವ್ವಾ, ನನಗೂ ಐತಿ. ಆದ್ರ ನಾ ಮಗ್ಗ ನಡಸಾಂಗಿಲ್ಲಲ್ಲ.”

ಸಾವಂತ್ರವ್ವನ ಕೈಯಲ್ಲಿದ್ದ ಕುಂದಾ ಬೆಚ್ಚಗಾಗಿ ಬೆರಳಿಗೆ ಅಂಟುತ್ತಿತ್ತು. ಶಿವಲಿಂಗ ಹೆಂಡತಿಯ ಕಡೆ ನೋಡಲಿಲ್ಲ. ನೀರಿನ ಕೊಡದ ಬಳಿಗೆ ಹೋದ, ತಂಬಿಗೆ ತುಂಬಿಕೊಂಡು ಗಟಗಟ ಕುಡಿದ, ಮತ್ತೆ ತುಂಬಿಕೊಂಡ. ಕತ್ತಿನ ಮೇಲಿಂದ ಇಳಿದ ನೀರು ಅಂಗಿಯನ್ನು ತೋಯಿಸಿತು.

ಮರುದಿನ ಅವನ ಮಗ್ಗದ ಮೊಳೆಗೆ ಬೇರೆ ಯಾರದೋ ಅಂಗಿ ತೂಗಾಡುತ್ತಿತ್ತು. ಶಿವಲಿಂಗ ದುಂಡಪ್ಪನ ಪಕ್ಕ ಕೂತ. ವಾರಗಟ್ಟಲೆ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ, ಅವಳೂ ಮಾತಾಡಿಸಲಿಲ್ಲ. ಅವಳಿಗೆ ತಪ್ಪು ಮಾಡಿದೆನೆನಿಸಲಿಲ್ಲ. ಅವಳು ಮರೆಯಲಾರದ್ದು ಬೇರೆ: ಮಾಲೀಕ ಅಷ್ಟು ಮೆತ್ತಗೆ, ಅಷ್ಟು ಸುಲಭವಾಗಿ ಆ ಮಾತು ಹೇಳಿದ್ದ.

ಮುಂದಿನ ಅಮಾವಾಸ್ಯೆಗೆ ಮಾಲೀಕ ಬರಲಿಲ್ಲ, ಡಬ್ಬಿಯಷ್ಟೇ ಬಂತು. ಪೂಜೆ ಮುಗಿದ ಮೇಲೆ ಭರಮಪ್ಪ ಕೈಯಲ್ಲಿ ಏನನ್ನೋ ಮುಚ್ಚಿಕೊಂಡು ಹೊರಗೆ ಬಂದು, ಆಚೀಚೆ ನೋಡಿ, ಸಾವಂತ್ರವ್ವನ ಹತ್ತಿರ ಬಗ್ಗಿದ.

“ಯಕ್ಕಾ, ಆ ಖಾನಾಪುರದ ಡಾಕ್ಟರ್ ಎಲ್ಲಿ ಕುಂದರ್ತಾನ?”

ಅವಳು ಅವನ ಮುಚ್ಚಿದ ಮುಷ್ಟಿಯನ್ನು, ಬೆರಳ ಸಂದಿಯಲ್ಲಿ ಒಸರಿದ ಕುಂದಾವನ್ನು ನೋಡಿದಳು.

“ಖಾನಾಪುರಕ್ಕ ಯಾಕೋ?” ಎಂದಳು, ಶೆಡ್ಡಿನೊಳಗಿದ್ದವರಿಗೆಲ್ಲ ಕೇಳುವಂತೆ. “ವಡಗಾವ್ಯಾಗ ಡಾಕ್ಟರ್ ಸತ್ತಾರೇನು?”